ಬುವಾ ಅವರ ಬೆಳ್ಳಿ ಕರಡಿಗೆ

ಚಿಂಚವಾಡ, ಪುಣೆ
೮ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ಸುಮಂಗಲಾ ವೈನಿ,

ಈ ಕಾಗದವನ್ನು ಒಮ್ಮೆ ಬರೆದು ಮುಗಿಸಿದ್ದೆ. ಅಣ್ಣನ ಸಮಾಧಿಯ ಕಲ್ಲು ಚೆನ್ನಾಗಿ ಬಂದಿದೆ ಎಂದು ಬರೆದು ಮನೆಯ ಸುದ್ದಿಯನ್ನೂ ಸೇರಿಸಿದ್ದೆ. ಅಲ್ಲಿ ಕೇಳಿದ ಮಾತೊಂದನ್ನು ಬಿಟ್ಟಿದ್ದೆ. ಹಾಗೆಯೇ ಕಳಿಸುವವಳಿದ್ದೆ, ಆದರೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ನಾದಿನಿಯಾದ ನನಗೆ ಅದನ್ನು ಫೋನಿನಲ್ಲಿ ಹೇಳುವ ಧೈರ್ಯವೂ ಇಲ್ಲ. ಕಾಗದವಾದರೆ ನೀವು ನಡುವೆ ನಿಲ್ಲಿಸಿ ನೀರು ಕುಡಿದು ಮತ್ತೆ ಓದಬಹುದು.

ನಿಮ್ಮ ಮೊಣಕಾಲು ಈಗ ಹೇಗಿದೆ? ವಿಜಯಪುರದಲ್ಲಿ ಚಳಿ ಶುರುವಾಗಿರಬೇಕು. ಹಾಸ್ಟೆಲ್ಲಿನ ಹುಡುಗಿಯರ ಹಿಂದೆ ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತುತ್ತೀರೋ, ವಾರ್ಡನ್ ಎಂದ ಮೇಲೆ ಕೆಳಗೆ ಕುಳಿತು ಬೈದರೂ ನಡೆಯುತ್ತದೆ! ನಾನು ಆರಾಮಾಗಿದ್ದೇನೆ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಹೋಗುತ್ತಿದೆ, ಅಷ್ಟೇ.

ಕಳೆದ ಭಾನುವಾರ ಅಣ್ಣನ ಸಮಾಧಿಯ ಹತ್ತಿರ ಹೋಗಿದ್ದೆ. ನೀವು ಹೇಳಿದಂತೆ ಕಲ್ಲುಕೆಲಸದ ಮಧುಕರ ಕಲ್ಲನ್ನು ತಂದು ಅಲ್ಲೇ ಒರಗಿಸಿಟ್ಟಿದ್ದ. ನಮ್ಮ ಬಸಣ್ಣನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿದ್ದ, ಇನ್ನೂ ಕೆತ್ತಿರಲಿಲ್ಲ. ಅದರ ಮುಂದೆ ಒಬ್ಬ ಹೆಂಗಸು ಕುಳಿತಿದ್ದಳು. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಮಣ್ಣಿನ ಮೇಲೆ ಅಂಗೈ ಊರಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು. ಮಾರ್ತಾಂಡಬುವಾ ಅವರ ಮಗಳು ನೀತಾ.

ಅಣ್ಣ ಹಾರ್ಮೋನಿಯಂ ಹಿಡಿದು ಹಾಡುಗಾರ ಬುವಾ ಅವರ ಹಿಂದೆ ಊರೂರು ತಿರುಗಿದ ಕಾಲದಲ್ಲಿ ಈ ಹುಡುಗಿ ನಮ್ಮ ಮನೆಯಲ್ಲಿ ಉಂಡವಳು. ಅವರಿಬ್ಬರೂ ಒಟ್ಟಿಗೆ ತೀರಿಕೊಂಡ ಮೇಲೆ ಮುಖ ತೋರಿಸಿರಲಿಲ್ಲ. ಅವಳ ಮೇಲೂ ನಿಮಗೆ ಸಿಟ್ಟಿದೆ, ಗೊತ್ತು. ವರ್ಷಗಳ ಹಿಂದೆ ಭೋರ್ ಹತ್ತಿರದ ಗುಡ್ಡಕ್ಕೆ ಆ ಸಣ್ಣ ವಿಮಾನ ಬಡಿದಾಗ ಪೇಪರುಗಳೆಲ್ಲ ಬುವಾ ಅವರ ಚಿತ್ರ ಹಾಕಿ ಕೆಳಗೆ ‘ಮತ್ತು ಇತರ ಮೂವರು’ ಎಂದು ಬರೆದವು. ಅಣ್ಣನ ಹೆಸರು ಬರಲಿಲ್ಲ. ಅಂದಿನಿಂದ ನೀವು ಬುವಾ ಅವರನ್ನು ಮಣ್ಣು ಮಾಡಿದ ಗದ್ದುಗೆಯ ಕಡೆ ನೋಡಿದವರಲ್ಲ. ಸೊಲ್ಲಾಪುರ ರಸ್ತೆಯಲ್ಲಿ ಬಸ್ಸು ಅಲ್ಲಿಗೆ ಬಂದಾಗ ಸೆರಗನ್ನು ಮುಖಕ್ಕೆಳೆದುಕೊಂಡು, “ದೊಡ್ಡವ್ರ ಮನಿ ದಾಟಿತೇನ, ದೀಪಾ?” ಎಂದು ಕೇಳುತ್ತಿದ್ದಿರಿ.

ನೀತಾ ಸೀಮೆಸುಣ್ಣದ ಹೆಸರನ್ನೇ ನೋಡುತ್ತ ಹೇಳಿದಳು: “ಅಕ್ಕಾರ, ಹೆಸರು ಕೆತ್ತಿದ ಮ್ಯಾಲೆ ನಾ ಇಲ್ಲಿ ಬರಾಕ ಆಗಂಗಿಲ್ಲ. ಅದಕ್ಕ ಹೇಳ್ತೀನ್ರಿ. ಇಲ್ಲಿ ಮಲಗಿದಾಂವ ನಮ್ಮಪ್ಪ ಅನಸ್ತದ.”

ಆ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಬುವಾ ಅವರ ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರ ಹರಿಯಿತಂತೆ. ಲಿಂಗವನ್ನು ಚೀಲದಲ್ಲಿಡುವಂತಿಲ್ಲ, ಬೇರೆ ದಾರವೋ ಹತ್ತಿರವಿರಲಿಲ್ಲ. ಅಣ್ಣ ಆ ದೊಡ್ಡ ಬೆಳ್ಳಿ ಕರಡಿಗೆಯನ್ನು ಲಿಂಗದ ಸಮೇತ ತೆಗೆದುಕೊಂಡು ತನ್ನ ದಾರಕ್ಕೇ ಸೇರಿಸಿಕೊಂಡನಂತೆ. “ಇಳದ ಮ್ಯಾಲೆ ಹೊಸಾ ದಾರ ಹಾಕೋಣು ಬುವಾ. ನೋಡವಾ ನೀತಾ, ಹಾಡೋದು ನಿಮ್ಮಪ್ಪ, ಭಾರ ಹೊರೋದು ನಾನು!” ಎಂದು ನಗಿಸಿದನಂತೆ. ವೈನಿ, ಆ ಮಾತು ಅವನದೇ. ನೀತಾ ಕಟ್ಟಿ ಹೇಳಿದ್ದಲ್ಲ.

ಪೈಲಟ್‌ಗಳಿಬ್ಬರನ್ನು ಸಮವಸ್ತ್ರದಿಂದ ಗುರುತಿಸಿದರು. ಉಳಿದ ಎರಡು ದೇಹಗಳಲ್ಲಿ ಬೆಳ್ಳಿ ಕರಡಿಗೆ ಇದ್ದದ್ದು ಬುವಾ ಅವರದೆಂದಾಯಿತು. ಅಣ್ಣ ತನ್ನ ಲಿಂಗವನ್ನು ಬರೀ ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದ, ಬೆಂಕಿಯಲ್ಲಿ ವಸ್ತ್ರ ಎಲ್ಲಿ ಉಳಿದೀತು? ನಮಗೆ ಕೊಟ್ಟ ದೇಹದ ಮೇಲೆ ಲಿಂಗವಿರಲಿಲ್ಲ. ಮಣ್ಣು ಕೊಡಲು ಬಂದವರು ಅದನ್ನೇ ಪಿಸುಗುಟ್ಟಿದರು. “ಲಿಂಗ ಬಿಟ್ಟು ಒಂದು ಗುಟುಕು ನೀರು ಕುಡೀತಿದ್ದಿಲ್ಲ ಅವ್ರು,” ಎಂದು ನೀವು ಒಬ್ಬೊಬ್ಬರಿಗೂ ಹೇಳುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ.

ನೀತಾ ಅಂದೇ ತನ್ನ ಕಾಕಾನಿಗೆ ಹೇಳಿದ್ದಳಂತೆ. “ಹೊರಗ ಸಾವಿರ ಮಂದಿ ನಿಂತಾರ, ಬಾಯಿ ಮುಚ್ಚು,” ಎಂದು ಗದರಿಸಿದನಂತೆ. ಅಂದಿನಿಂದ ಅವಳು ಗದ್ದುಗೆಯಲ್ಲಿ ಎಲ್ಲರೆದುರು ಆರತಿ ಎತ್ತುತ್ತಾಳೆ, ಇಲ್ಲಿಗೆ ಬಂದು ಯಾರೂ ಇಲ್ಲದಾಗ ಅಳುತ್ತಾಳೆ.

ನಾನೇನು ನಂಬಲಿ? ಶಾಲೆ ನನಗೆ ಕಲಿಸಿದ ಬುದ್ಧಿ ಪುರಾವೆ ಕೇಳುತ್ತದೆ. ಪುರಾವೆ ಎಂದರೆ ಎರಡೂ ಕಡೆ ಮಣ್ಣು ಅಗೆಯಬೇಕು, ಅದನ್ನು ಬರೆಯಲೂ ಹೆದರಿಕೆಯಾಗುತ್ತದೆ. ಪ್ರತಿ ವರ್ಷ ಬಂದು ನೀವು ಮಗಳ ಓದು, ಮದುವೆ, ನಿಮ್ಮ ನೋವು ಎಲ್ಲವನ್ನೂ ಹೇಳಿಕೊಂಡದ್ದು ಯಾರಿಗೆ? ಇನ್ನು ಅಲ್ಲಿ ಗದ್ದುಗೆಯಲ್ಲಿ, ಜನ ನನ್ನ ಅಣ್ಣನ ಎದೆಯ ಮೇಲೆ ಹೂವು ಸುರಿದು ಬೇರೆಯವರ ಹೆಸರು ಕರೆಯುತ್ತಿದ್ದಾರೆಯೇ? ಟಿವಿಯಲ್ಲಿ ಎಲ್ಲಿ ವಿಮಾನ ಬಿದ್ದರೂ ಮೊದಲು ದೊಡ್ಡವರ ಹೆಸರು ಬರುತ್ತದೆ. ನಾನು ಇತರರ ಹೆಸರಿಗಾಗಿ ಕಾಯುತ್ತೇನೆ, ಬರುವ ಮೊದಲೇ ಜಾಹೀರಾತು ಬರುತ್ತದೆ. ಈ ವಾರವಿಡೀ ಮನೆಯಲ್ಲಿ ಯಾರೋ ಹಾರ್ಮೋನಿಯಂನ ತಿದಿ ಒತ್ತಿ ಸ್ವರ ಹಿಡಿಯದೆ ಕುಳಿತಂತೆ ಅನಿಸುತ್ತಿದೆ.

ಕಲ್ಲು ನಿಮ್ಮದು, ತೀರ್ಮಾನವೂ ನಿಮ್ಮದೇ. ನೀವು ಬರುವವರೆಗೆ ಅಕ್ಷರ ಕೆತ್ತಬೇಡವೆಂದು ಮಧುಕರನಿಗೆ ಹೇಳಿದ್ದೇನೆ. ಸಿಟ್ಟು ಬಂದರೆ ನನಗೆ ಬೈಯಿರಿ, ನೀತಾಗೆ ಬೈಯಬೇಡಿ. ಮಗಳಿಗೂ ಅಳಿಯನಿಗೂ ನನ್ನ ನೆನಪು ತಿಳಿಸಿ. ನಿಮ್ಮ ಕಾಲಿಗೆ ಬಿದ್ದು,

ನಿಮ್ಮ
ದೀಪಾಲಿ

ತಾ.ಕ.: ಇದನ್ನೂ ಬಿಡುವವಳಿದ್ದೆ. ನಿನ್ನೆ ನಾನು ಗದ್ದುಗೆಗೆ ಹೋಗಿದ್ದೆ, ನಿಮ್ಮನ್ನು ಕೇಳದೆ. ಸಾಲಿನಲ್ಲಿ ನಿಂತು ಹತ್ತಿರ ಹೋದೆ. ಹೂವಿಟ್ಟು ಕೈ ತೆಗೆಯಲಾಗಲಿಲ್ಲ. ಹಿಂದಿನ ಹೆಂಗಸು, “ಮುಂದ ನಡೀರಿ ಬಾಯಾರ, ಬುವಾ ಎಲ್ಲಾರಿಗೂ ಬೇಕು,” ಎಂದಳು. ಅಷ್ಟರಲ್ಲಿ ನನ್ನ ಬಾಯಿಂದ “ಬಸಣ್ಣಾ” ಎಂದು ಬಂದುಬಿಟ್ಟಿತು, ಜೋರಾಗಿಯೇ. ಎಲ್ಲರೂ ತಿರುಗಿ ನೋಡಿದರು. ವೈನಿ, ಅಲ್ಲಿ ಅವನ ಹೆಸರನ್ನು ಯಾರಾದರೂ ಕರೆದದ್ದು ಅದೇ ಮೊದಲಿರಬೇಕು. ಎರಡನೆಯ ಸಲ ನೀವು ಕರೆಯಬೇಕು, ಬನ್ನಿ. ಇದನ್ನು ಸೋಮವಾರ, ನವೆಂಬರ್ ಹತ್ತರಂದು ಅಂಚೆಗೆ ಹಾಕುತ್ತೇನೆ.