ಟೈರ್ ನೋಡುವ ನೆಪ

ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ರೈಟಪ್ಪ,

ಹೇಗಿದ್ದೀಯೋ? ಹೊಸ ಡಿಪೋದಲ್ಲಿ ನಿನ್ನ ‘ರೈಟ್, ರೈಟ್’ ಕೇಳಿ ಎಷ್ಟು ಜನರ ಕಿವಿ ತೂತಾಗಿದೆ? ನೀನು ವರ್ಗ ಮಾಡಿಸಿಕೊಂಡು ಹೋದಮೇಲೆ ಬರೆಯಬೇಕೆಂದು ಕೂತಾಗಲೆಲ್ಲ ಎರಡು ಸಾಲಿಗೆ ಪೆನ್ನು ನಿಂತುಬಿಡುತ್ತಿತ್ತು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ತಡವಾಯಿತೆಂದು ಬೈಯಬೇಡ. ಬೈಯಲೇಬೇಕೆಂದರೆ ಎದುರಿಗೆ ಬಂದು ಬೈ.

ಮೊದಲು ಸಿಹಿ ಸುದ್ದಿ. ಬರುವ ವಾರದಿಂದ ನನಗೆ ಮತ್ತೆ ಸ್ಟೇರಿಂಗ್ ಕೊಡುತ್ತಾರಂತೆ, ಅದೂ ನಮ್ಮ ಹಳೆಯ ರೂಟಿನಲ್ಲೇ. ಡಿಪೋ ಮ್ಯಾನೇಜರ್ ಕರೆದು, “ಕಂಡಕ್ಟರ್ ಯಾರು ಬೇಕಪ್ಪ?” ಅಂದರು. “ಇದ್ದವನು ಓಡಿಹೋಗಿದಾನೆ ಸಾರ್, ಹಿಡ್ಕೊಂಡು ಬರ್ತೀನಿ” ಅಂದೆ.

ನೀನು ಯಾಕೆ ಹೋದೆ ಅನ್ನುವುದು ನನಗೆ ಗೊತ್ತು ಕಣೋ. ‘ನಾನು ಕುಡಿಸಿದ ಎಲೆಯ ರಸ ಇವನ ಕರುಳು ಸುಟ್ಟಿತು’ ಎಂದು ನಿನ್ನ ತಲೆಯಲ್ಲಿ ಕೂತಿದೆ. ಅದನ್ನು ಕಿತ್ತುಹಾಕಲೆಂದೇ ಈ ಕಾಗದ.

ಅದಕ್ಕೂ ಮುಂಚಿನದು ನೆನಪಿದೆಯಾ? ನನ್ನ ಹೊಟ್ಟೆ ಹಿಂಡಿದಾಗಲೆಲ್ಲ ನಾನು ಕನ್ನಡಿಯಲ್ಲಿ ನಿನ್ನನ್ನು ನೋಡಬೇಕು, ನೀನು ತಕ್ಷಣ, “ಟೈರ್ ನೋಡ್ಬೇಕು, ಎಲ್ರೂ ಐದು ನಿಮಿಷ ಕೂತಿರಿ” ಎಂದು ಕೂಗಬೇಕು. ನಾನು ಪೆಟ್ರೋಲ್ ಬಂಕಿನ ಪಾಯಿಖಾನೆಯಿಂದ ಬರುವವರೆಗೆ ನೀನು ರಾಡು ಹಿಡಿದು ಗಾಲಿ ಸುತ್ತ ಗಂಭೀರವಾಗಿ ತಟ್ಟುತ್ತಾ ಓಡಾಡುತ್ತಿದ್ದೆ. “ಈ ಟೈರಿಗೆ ಯಾವ ಶನಿ ಹಿಡಿದಿದೆಯೋ” ಎಂದು ಜನ ಗೊಣಗಿದರೆ ಬೈಗುಳ ನಿನ್ನ ಪಾಲಿಗೆ. ಒಂದು ದಿನವೂ ನನ್ನ ಮಾನ ಹೋಗಲು ಬಿಡಲಿಲ್ಲ ನೀನು.

ಹಾಗೆಯೇ ಆ ಲೋಳೆಸರ. ನಿಮ್ಮಜ್ಜಿ ಹೊಟ್ಟೆ ಉರಿಗೆ ಇದನ್ನೇ ಕೊಡುತ್ತಿದ್ದರು ಎಂದು ನೀನು ಕುಂಡ ಸಮೇತ ಹೊತ್ತು ತಂದೆ. ಅಜ್ಜಿ ಸಿಪ್ಪೆ ಹೆರೆದು, ಹಳದಿ ರಸ ಸೋರಲು ಬಿಟ್ಟು, ತಿರುಳನ್ನು ತೊಳೆಯುತ್ತಿದ್ದದ್ದು ಮಾತ್ರ ನಿನಗೆ ನೆನಪಿರಲಿಲ್ಲ. ಇಡೀ ಎಲೆಯನ್ನು ಮಿಕ್ಸಿಗೆ ಹಾಕಿ ಲೋಟದ ತುಂಬ ಕುಡಿಸಿದೆ. ಆವತ್ತು ತಟ್ಟಿ ತಟ್ಟಿ ನಿನ್ನ ಕೈ ಸೋತಿತು, ನಾನು ಬಸ್ಸಿನ ಮೆಟ್ಟಿಲ ಮೇಲೆ ಕುಸಿದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದವನೂ ನೀನೇ.

ನೀನು ಹೊರಗೆ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಒಳಗೆ ಡಾಕ್ಟರಮ್ಮ ಅಂದದ್ದು ಕೇಳು: “ನಿಮ್ಮ ದೊಡ್ಡ ಕರುಳೆಲ್ಲ ಊದಿಕೊಂಡು ಹುಣ್ಣಾಗಿದೆ. ಇದು ಎಲೆಯಿಂದ ಬಂದದ್ದಲ್ಲ, ವರ್ಷಗಳದ್ದು. ಸಿಪ್ಪೆ ಕೆಳಗಿನ ಹಳದಿ ರಸ ಭೇದಿ ಮಾಡ್ಸುತ್ತೆ. ನಿಮ್ಮ ಫ್ರೆಂಡು ಉರಿಯೋ ಬೆಂಕಿಗೆ ಸೀಮೆಎಣ್ಣೆ ಸುರಿದ್ರು, ನಿಜ. ಆದ್ರೆ ಸುರಿದೇ ಇದ್ದಿದ್ರೆ ನೀವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

ಅದೇ ಆಸ್ಪತ್ರೆಯಲ್ಲಿ ಹಳೆಯ ಮದ್ದಿನ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ. ತೊಳೆದ ಲೋಳೆಸರದ ತಿರುಳಿನ ಸರದಿ ಬಂದಾಗ ನಾನೂ ಸೇರಿಕೊಂಡೆ. ಮಾತ್ರೆ ಬಿಡುವಂತಿಲ್ಲ, ಅದರ ಜೊತೆಗೆ ಒಂದು ಸೀಸೆ. ಅದರಲ್ಲಿರುವುದು ತಿರುಳೋ ಬರೀ ಬಣ್ಣದ ನೀರೋ, ಕೊಡುವ ನರ್ಸಿಗೂ ಗೊತ್ತಿಲ್ಲ. ವಾಸಿಯಾದದ್ದು ಯಾವುದರಿಂದ ಎಂದು ಈಗಲೇ ಹೇಳಲಾಗದು, ಕಾಯಬೇಕು ಅನ್ನುತ್ತಾರೆ ಡಾಕ್ಟರಮ್ಮ. ನಾನು ಕಾಯುವ ಜಾತಿಯವನೇ? ಮನೆಗೆ ಬಂದವರಿಗೆಲ್ಲ ಕುಂಡ ತೋರಿಸಿ, “ನನ್ನನ್ನು ಉಳಿಸಿದ್ದು ನಮ್ಮ ರೈಟಪ್ಪನ ಈ ಎಲೆ” ಎಂದು ಹೇಳಿಕೊಂಡು ಬರುತ್ತಿದ್ದೇನೆ. ಮಗಳು ಅದಕ್ಕೆ ದಿನಾ ನೀರು ಹಾಕುತ್ತಾಳೆ.

ಜೀವ ಉಳಿಸಿದವನು ಕಳ್ಳನ ಹಾಗೆ ತಪ್ಪಿಸಿಕೊಂಡು ತಿರುಗಿದರೆ ನನಗೆ ಅನ್ನ ಇಳಿಯುತ್ತದೆಯೇ? ನಿನ್ನ ಋಣ ತೀರಿಸುವ ಯೋಚನೆ ನನಗಿಲ್ಲ, ಅದು ಹಾಗೇ ಇರಲಿ. ನೀನು ವಾಪಸು ಬಾ, ಸಾಕು. ನಿನ್ನ ಹೆಂಡತಿಗೆ, ನನ್ನ ತಂಗಿಗೆ, ನನ್ನ ನೆನಪು ಹೇಳು. ಮಕ್ಕಳು ಹೊಟ್ಟೆ ತಣ್ಣಗಿಟ್ಟುಕೊಂಡು ನೂರು ಕಾಲ ಬಾಳಲಿ.

ಇಂತಿ ನಿನ್ನ
ಡ್ರೈವರ್

ಮತ್ತೆ: ಮರೆತು ಬಿಟ್ಟದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ಕುಂಡದಲ್ಲಿ ಎಲೆಗಳು ಕಡಿಮೆಯಾಗುತ್ತಿದ್ದವು. ಮಗಳು ತಲೆಗೂದಲಿಗೆ ಹಚ್ಚಿಕೊಳ್ಳುತ್ತಾಳೆ ಅಂದುಕೊಂಡೆ. ನಿನ್ನೆ ಮಿಕ್ಸಿ ತೊಳೆಯಲು ಹೋದರೆ ಅದರಲ್ಲಿ ಸಿಪ್ಪೆಯ ಚೂರು, ತಳದಲ್ಲಿ ಹಳದಿ ರಸ. ಹಿಂದಿನ ರಾತ್ರಿ ಊಟ ಬಿಟ್ಟು ಎದ್ದವಳು, “ಅಪ್ಪಾ, ನಿಮಗೆ ರಕ್ತ ಹೋಗೋದು ಯಾವಾಗ ನಿಂತಿತು?” ಎಂದು ಕೇಳಿದ್ದಳು. ರಕ್ತದ ಮಾತನ್ನು ನಾನು ಡಾಕ್ಟರಮ್ಮನನ್ನು ಬಿಟ್ಟು ಯಾರ ಹತ್ತಿರವೂ ಆಡಿಲ್ಲ ಕಣೋ, ಅವಳ ಅಮ್ಮನ ಹತ್ತಿರವೂ. ಈಗ ಕೇಳಿದರೆ “ನನಗೇನೂ ಆಗಿಲ್ಲ” ಅನ್ನುತ್ತಾಳೆ. ಥೇಟ್ ನಾನೇ. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಬರುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ನಿನ್ನ ಹತ್ತಿರವಾದರೆ ಬಿಟ್ಟಾಳು. ಬೇಗ ಬಾ. ಅವಳಿಗೂ ಟೈರ್ ತಟ್ಟುವವರೊಬ್ಬರು ಬೇಕು.