ಮಧ್ಯದಲ್ಲೇ ನಿಂತ ಮುಳ್ಳು

ಕೊಚ್ಕೋರ್,
ಶುಕ್ರವಾರ, ಜೂನ್ 19, 2009

ಮಗ ಕುಬಾತ್‌ಗೆ,

ಮೈ ಹೇಗಿದೆ? ಹೋದ ತಿಂಗಳು ಕೆಮ್ಮು ಎಂದಿದ್ದೆ, ವಾಸಿಯಾಯಿತೇ? ಒಂದೇ ಕೋಣೆಯಲ್ಲಿ ಎಂಟು ಜನ ಮಲಗುತ್ತೀರಂತೆ, ಕಿಟಕಿಯನ್ನಾದರೂ ಒಂದಿಷ್ಟು ತೆರೆದಿಡಿ. ಇದನ್ನೆಲ್ಲ ವಿಚಾರಿಸುವ ಮನಸ್ಸು ನನಗೆ ಇವತ್ತು ಇಲ್ಲ. ಆದರೆ ಹೆತ್ತವನು ಕೇಳಬೇಕು, ಕೇಳಿದ್ದೇನೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಮಾತು ಸ್ವಲ್ಪ ಕಹಿಯಾದರೆ ಸಾಕು, "ಅಪ್ಪಾ, ಸರಿಯಾಗಿ ಕೇಳಿಸ್ತಿಲ್ಲ" ಎಂದು ಇಟ್ಟುಬಿಡುವ ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಲಾರಿ ಓಡಿಸುವ ಸಾತಾರ್ ಇವತ್ತು ಮಧ್ಯಾಹ್ನ ನಿಮ್ಮ ಕಜಾನಿಗೆ ಹೊರಡುತ್ತಾನೆ. ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕೆಂದು ಅವನಿಗೆ ಹೇಳಿದ್ದೇನೆ. ಕೊನೆಯವರೆಗೆ ಓದು.

ವಿಷಯ ಆ ಬೂದು ಕಾರಿನದು, ರಷ್ಯಾಕ್ಕೆ ಹೊರಡುವ ಮುಂಚೆ ಫೆಬ್ರವರಿಯಲ್ಲಿ ನೀನು ಜೂರಾಗೆ ಮಾರಿದ್ದು. ಜೂರಾ ನಿನಗೆ ಏನಾಗಬೇಕು ಎಂದು ನಾನು ನಿನಗೆ ಬರೆದು ತಿಳಿಸಬೇಕಾಗಿ ಬಂತಲ್ಲ, ಅದೇ ನನಗೆ ನಾಚಿಕೆ. ಈ ಊರಿನ ಸೂಲಗಿತ್ತಿ. ನೀನು ಹುಟ್ಟಿದ ದಿನ ನಿನ್ನ ಹೊಕ್ಕುಳಬಳ್ಳಿ ಕೊಯ್ದವಳು. ನಮ್ಮಲ್ಲಿ ಹಾಗೆ ಕೊಯ್ದವಳು ಹೊಕ್ಕುಳತಾಯಿ, ಅವಳ ಮಾತು ತಾಯಿಯ ಮಾತಿಗಿಂತ ಒಂದು ತೂಕ ಹೆಚ್ಚು. ನೀನು ಸೈನ್ಯದಿಂದ ಬಂದಾಗ ಮೊದಲು ಹೋಗಿ ಅಪ್ಪಿಕೊಂಡದ್ದೂ ಅವಳನ್ನೇ. ಅವಳಿಗೆ ಕಾರು ಬೇಕಿದ್ದದ್ದು ತಿರುಗಾಡಲಿಕ್ಕಲ್ಲ, ಹೆರಿಗೆ ಕಷ್ಟವಾದವರನ್ನು ದೋಲೊನ್ ಘಾಟಿ ದಾಟಿಸಿ ನರಿನ್ ಆಸ್ಪತ್ರೆಗೆ ಮುಟ್ಟಿಸಲಿಕ್ಕೆ. ಅಂದು ನಮ್ಮ ಅಂಗಳದಲ್ಲಿ ಅವಳು ಎಂಜಿನ್ ಕಡೆ ನೋಡಲೂ ಇಲ್ಲ. "ಅಸನಾಲಿ ಅಣ್ಣ, ನನಗೆ ಇದೆಲ್ಲ ತಿಳಿಯೋದಿಲ್ಲ. ನೀವು ಹರಸಿ ಕೊಡಿ, ಸಾಕು" ಎಂದಳು. ಮೂವತ್ತೈದು ವರ್ಷದಿಂದ ಈ ಊರಿನಲ್ಲಿ ಕಾರು ಕೈ ಬದಲಾಗುವುದೇ ಹಾಗೆ. ನಾನು ಬಾನೆಟ್ ಎತ್ತಿ ನೋಡಬೇಕು, ಆಮೇಲೆ ಎರಡೂ ಅಂಗೈ ಬಿಚ್ಚಿ ಹರಸಬೇಕು. ನಾನು ನೋಡಿದೆ. ನೀನು ಪಕ್ಕದಲ್ಲೇ ನಿಂತಿದ್ದೆ. ಬಿಸಿ ತೋರಿಸುವ ಮುಳ್ಳು ಅಚ್ಚುಕಟ್ಟಾಗಿ ಮಧ್ಯದಲ್ಲಿ ನಿಂತಿತ್ತು. ಅಂಗೈ ಬಿಚ್ಚಿ ಹರಸಿದೆ. ನೀನು ಕೂಡ ಹರಸಿದೆ ಕಣೋ, ಮುಖ ಸವರಿಕೊಂಡೆ.

ಜೂನ್ ಮೂರರಂದು ಬೆಳಿಗ್ಗೆ ಜೂರಾ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದೋಲೊನ್ ಹತ್ತಿದ್ದಾಳೆ. ನೆತ್ತಿಗೆ ಇನ್ನು ಎರಡೇ ತಿರುವು. ಕಾರು ಎಳೆಯುವುದನ್ನು ಬಿಟ್ಟಿತು, ಸುಟ್ಟ ವಾಸನೆ ಬಂತು. ಇಳಿದು ನಿಂತವಳು ಮೊದಲು ಮಾಡಿದ್ದೇನು ಗೊತ್ತೇ? ನಾನು ಹೇಳಿಕೊಟ್ಟದ್ದನ್ನೇ. ಮುಳ್ಳು ಕೆಂಪಿನಲ್ಲಿದ್ದರೆ ಅರ್ಧ ಗಂಟೆ ರೇಡಿಯೇಟರಿನ ಮುಚ್ಚಳ ಮುಟ್ಟಬೇಡ, ಮಧ್ಯದಲ್ಲಿದ್ದರೆ ಬಟ್ಟೆ ಸುತ್ತಿ ತೆಗೆದು ನೀರು ನೋಡು ಎಂದಿದ್ದೆ. ನಾನು ಮೂರ್ಖ, ಯಾವಾಗಲೂ ಕಾಯಬೇಕು ಎಂದು ಹೇಳಿಕೊಡಬೇಕಿತ್ತು. ಅವಳು ಮುಳ್ಳು ನೋಡಿದಳು. ಮಧ್ಯದಲ್ಲಿತ್ತು. ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದಳು. ಕುದಿಯುವ ನೀರು ಬುಗ್ಗೆಯಾಗಿ ಎದ್ದು ಬಲಗೈ ಮೇಲೆ, ಬೆರಳಿನಿಂದ ಮೊಣಕೈಯವರೆಗೆ ಬಿತ್ತು. ಅದೇ ಕೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಲಾರಿ ತಡೆದು, ಆ ಹೆಂಗಸನ್ನು ಹತ್ತಿಸಿ, ತಾನೂ ಹತ್ತಿ ನರಿನ್ ಸೇರಿದ್ದಾಳೆ. ಗಂಡು ಮಗು, ತಾಯಿ ಮಗು ಚೆನ್ನಾಗಿದ್ದಾರೆ. ಜೂರಾಳ ಬೆರಳುಗಳು ಮೊದಲಿನಂತೆ ಮಡಚುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಹೊಟ್ಟೆಯೊಳಗೆ ಮಗು ಅಡ್ಡ ತಿರುಗಿದೆಯೋ ನೇರ ಇದೆಯೋ ಎಂದು ಮುಟ್ಟಿ ಹೇಳುತ್ತಿದ್ದ ಕೈ ಅದು.

ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದ ಕಾರನ್ನು ನಮ್ಮ ಅಂಗಳದಲ್ಲಿ ಬಿಟ್ಟರು. ಎರಡು ದಿನದ ಮೇಲೆ ಅವಳೂ ಬಂದಳು, ಕೈಗೆ ಬಟ್ಟೆ ಸುತ್ತಿಕೊಂಡು. ನಾನು ಅವಳ ಮೇಲೆ ರೇಗಿದೆ. ಹೌದು, ಸುಟ್ಟ ಕೈಯವಳ ಮೇಲೆ. "ಬಿಸಿ ಎಂಜಿನ್ನಿನ ಮುಚ್ಚಳ ಯಾರಾದ್ರೂ ತೆಗೀತಾರಾ? ಮುಳ್ಳು ನೋಡು ಅಂತ ಹೇಳಿರಲಿಲ್ವಾ?" ಎಂದೆ. ಅವಳು ತಣ್ಣಗೆ, "ನೋಡಿದೆ ಅಣ್ಣ. ಮಧ್ಯದಲ್ಲೇ ಇತ್ತು" ಎಂದಳು. ಗಾಬರಿಯಲ್ಲಿ ಏನು ನೋಡಿದೆಯೋ ಏನೋ ಎಂದು ಅವಳ ಬಾಯಿ ಮುಚ್ಚಿಸಿದೆ. ನೀನು ಮಾರಿದ ಕಾರು, ನಾನು ಹರಸಿದ ಕಾರು, ಅದರಲ್ಲಿ ಕೊರತೆ ಇರುವುದುಂಟೇ? ಇದನ್ನು ರುಜುವಾತು ಮಾಡಬೇಕೆಂಬ ಹಟದಿಂದಲೇ ನಾನು ಬಾನೆಟ್ ಎತ್ತಿದ್ದು.

ಮೊದಲು ರೇಡಿಯೇಟರಿನ ಮುಂದೆ ನೋಡಿದೆ. ಗಾಳಿ ತಗಲದಿರಲೆಂದು ಚಳಿಗಾಲದಲ್ಲಿ ಕಟ್ಟುವ ಕಂಬಳಿ ಇನ್ನೂ ಅಲ್ಲೇ ಇರಬಹುದು, ನಮ್ಮ ಜನ ಮಾಡುವ ತಪ್ಪೇ ಅದು, ಹೋದ ವರ್ಷ ಮೂವರು ಹೀಗೆಯೇ ಎಂಜಿನ್ ಕುದಿಸಿಕೊಂಡು ಬಂದಿದ್ದರು. ಇರಲಿಲ್ಲ, ಜೂರಾ ಏಪ್ರಿಲಿನಲ್ಲೇ ಬಿಚ್ಚಿ ಮಡಿಸಿ ಡಿಕ್ಕಿಯಲ್ಲಿ ಇಟ್ಟಿದ್ದಳು. ಪೋಪ್ಲಾರ್ ಮರದ ಹತ್ತಿ ರೇಡಿಯೇಟರಿನ ಮೈಗೆ ಮೆತ್ತಿಕೊಂಡಿತ್ತು, ಈ ತಿಂಗಳಲ್ಲಿ ಅದು ಎಲ್ಲರ ಕಾರಿಗೂ ಇರುತ್ತದೆ. ಸಿಕ್ಕಿದ ಕಳ್ಳ ಎಂದು ಖುಷಿಯಾಗಿ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆದೆ. ಕಾರು ಚಾಲೂ ಮಾಡಿದರೆ ಹತ್ತೇ ನಿಮಿಷಕ್ಕೆ ಮತ್ತೆ ಕುದಿ. ಬೆಲ್ಟು ಬಿಗಿಯಾಗಿತ್ತು, ಫ್ಯಾನು ತಿರುಗುತ್ತಿತ್ತು, ಪಂಪು ಸೋರುತ್ತಿರಲಿಲ್ಲ. ಮೇಲಿನ ಹೋಸು ಕೈ ಇಡಲಾಗದಷ್ಟು ಬಿಸಿ, ಕೆಳಗಿನದು ಕೆರೆಯ ಮೀನಿನ ಹಾಗೆ ತಣ್ಣಗೆ. ಅಂದರೆ ನೀರು ಓಡಾಡುತ್ತಿಲ್ಲ, ಒಳಗೆ ಎಲ್ಲೋ ಕಟ್ಟಿಕೊಂಡಿದೆ. ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆಯುತ್ತಿಲ್ಲವೇನೋ ಎಂದು ಅದರ ಗೂಡು ಬಿಚ್ಚಿದೆ. ಗೂಡು ಖಾಲಿ. ಯಾರೋ ಅದನ್ನು ಕಿತ್ತು ಬಿಸಾಡಿ, ಎಂಜಿನ್ ಸದಾ ತಣ್ಣಗಿರುವಂತೆ ಮಾಡಿದ್ದರು. ಚಳಿಗಾಲದಲ್ಲಿ ಮಾರಬೇಕಾದ ಕಾರಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ರೇಡಿಯೇಟರ್ ಇಳಿಸಿ ಬೋರಲು ಹಾಕಿದೆ. ಕಂದು ಬಣ್ಣದ ಲೋಳೆ ಬಿತ್ತು. ಮೂಸಿದೆ. ಸಾಸಿವೆ ಪುಡಿ.

ನೀನು ಸೈನ್ಯದಿಂದ ಬಂದ ವರ್ಷ ಸೋನ್‌ಕುಲ್ ಸರೋವರದಿಂದ ಇಳಿಯುವಾಗ ರೇಡಿಯೇಟರ್ ತೂತಾಗಿ, ಕುರುಬರ ಡೇರೆಯಿಂದ ಸಾಸಿವೆ ಪುಡಿ ತಂದು ಸುರಿದು ಮನೆ ಸೇರಿದ್ದೆವಲ್ಲ. ಉಬ್ಬಿ ತೂತು ಮುಚ್ಚುತ್ತದೆ, ಆದರೆ ಮನೆ ಸೇರಿಸಲಿಕ್ಕೆ ಮಾತ್ರ ಎಂದು ಹೇಳಿ, ಮಾರನೆಯ ದಿನ ನಿನ್ನ ಕೈಯಿಂದಲೇ ಮೂರು ಸಲ ತೊಳೆಸಿದ್ದೆ. ಆದರೂ ಮಗನೇ, ನಾನು ನಿನ್ನ ಮೇಲೆ ಅನುಮಾನಪಡಲಿಲ್ಲ. ಸಾಸಿವೆಯ ಉಪಾಯ ಯಾರಿಗೆ ಗೊತ್ತಿಲ್ಲ? ಬಿಶ್ಕೆಕ್‌ನಲ್ಲಿ ನಿನಗೆ ಕಾರು ಮಾರಿದವನೇ ಕಣ್ಣಿಗೆ ಮಣ್ಣೆರಚಿರಬೇಕು, ಪಾಪ ನನ್ನ ಹುಡುಗ ಮೋಸ ಹೋಗಿದ್ದಾನೆ ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಬೇರೆ ರೇಡಿಯೇಟರ್ ಕೂರಿಸಿ ಚಾಲೂ ಮಾಡಿದೆ. ನೀರಿನಲ್ಲಿ ಗುಳ್ಳೆ ಏಳುತ್ತಿತ್ತು, ಹೊಗೆಯ ವಾಸನೆ ಇತ್ತು. ಎಣ್ಣೆ ತುಂಬುವ ಮುಚ್ಚಳದ ಕೆಳಗೆ ಕೆನೆಯಂತೆ ಬಿಳಿ. ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ ಸೀಳಿದೆ ಎಂದು ಬಿಚ್ಚುವ ಮೊದಲೇ ತಿಳಿಯಿತು. ಬಿಚ್ಚಿದಾಗ ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಬಿರುಕು. ಇದನ್ನು ಅಡಗಿಸಲಿಕ್ಕೇ ಅಷ್ಟೊಂದು ಸಾಸಿವೆ.

ಆದರೆ ಹೆಡ್ ಬಿಚ್ಚುವ ಮೊದಲು, ನೀರು ಕುದಿಯುತ್ತಿದ್ದಾಗ, ನಾನು ಒಳಗೆ ಕೂತು ಮುಳ್ಳು ನೋಡಿದ್ದೆ. ಹೊರಗೆ ಬುಸುಬುಸು ಎಂದು ಹಬೆ. ಮುಳ್ಳು ಮಧ್ಯದಲ್ಲೇ. ಜೂರಾ ಸುಳ್ಳು ಹೇಳಿರಲಿಲ್ಲ. ಎಂಜಿನ್ನಿನಿಂದ ಮುಳ್ಳಿಗೆ ಹೋಗುವ ತಂತಿಯನ್ನು ಬೆರಳಿನಲ್ಲಿ ಹಿಡಿದು ಹೋದೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಗಂಟು ಸಿಕ್ಕಿತು. ಟೇಪು ಬಿಚ್ಚಿದೆ. ರೇಡಿಯೊದೊಳಗೆ ಇರುತ್ತದಲ್ಲ, ಬಣ್ಣದ ಪಟ್ಟೆಯ ಪುಟ್ಟ ತುಣುಕು, ಕರೆಂಟು ತಗ್ಗಿಸುವಂಥದ್ದು, ಅದನ್ನು ತಂತಿಯ ನಡುವೆ ಬೆಸೆದಿದ್ದರು. ಎಂಜಿನ್ ಎಷ್ಟೇ ಕಾಯಲಿ, ಮುಳ್ಳು ಮಧ್ಯ ದಾಟುವಂತಿಲ್ಲ. ಬೆಸುಗೆಯ ಮೇಲೆ ಟೇಪಿಗೆ ಮೊದಲು ದಾರ ಸುತ್ತಿತ್ತು. ಬಿಶ್ಕೆಕ್‌ನ ಯಾವ ಮೆಕ್ಯಾನಿಕ್ ದಾರ ಸುತ್ತುತ್ತಾನೆ? ಅದು ನನ್ನ ಪದ್ಧತಿ, ಅಲುಗಾಟಕ್ಕೆ ಬೆಸುಗೆ ಬಿಡಬಾರದೆಂದು ನಾನು ನಿನಗೊಬ್ಬನಿಗೆ ಕಲಿಸಿದ್ದು. ದಾರ ಕೆಂಪು, ನಿನ್ನ ಅಮ್ಮ ಕಂಬಳಿ ಹೊಲಿಯುವ ಮೇಣದ ದಾರ. ಸುತ್ತು ಉಲ್ಟಾ ಇತ್ತು. ಈ ಮನೆಯಲ್ಲಿ ಎಡಚ ನೀನೊಬ್ಬನೇ. ಗಂಟು ಎಷ್ಟು ಚೆನ್ನಾಗಿ ಹಾಕಿದ್ದೀಯೋ, ನೋಡಿ ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ಆ ಕಾರಿನೊಳಗೇ ಕೂತು ಅತ್ತೆ. ಅರವತ್ಮೂರು ವರ್ಷದವನು ಅತ್ತೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ, ನಾಚಿಕೆ ನಿನಗಾಗಬೇಕು. ಹೆಡ್ ಸೀಳಿದೆ ಎಂದು ನನಗೊಂದು ಮಾತು ಹೇಳಿದ್ದರೆ ಇಬ್ಬರೂ ಸೇರಿ ಎರಡು ದಿನದಲ್ಲಿ ಬದಲಾಯಿಸುತ್ತಿದ್ದೆವು. ಹೊರಡುವ ಅವಸರಕ್ಕೆ ನನಗೇ ಕೈಕೊಟ್ಟೆ, ನನ್ನ ಅಂಗೈಯನ್ನೇ ಸುಳ್ಳಿಗೆ ಸಾಕ್ಷಿ ಮಾಡಿದೆ.

ಹೋದ ಗುರುವಾರ ಜೂರಾ ಮತ್ತೆ ಬಂದಳು. ನಾನು ಎಲ್ಲವನ್ನೂ ತೋರಿಸಿದೆ, ಲೋಳೆ, ಖಾಲಿ ಗೂಡು, ತಂತಿ. ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅವಳು ಆ ತಂತಿಯನ್ನು ಎಡಗೈಯಲ್ಲಿ ಎತ್ತಿ ನೋಡಿ, "ಒಂದೇ ಮಾತು ಹೇಳಿ ಅಣ್ಣ. ಕುಬಾತ್‌ಗೆ ಇದು ಗೊತ್ತಿತ್ತಾ?" ಎಂದಳು. ಗದರಿದ್ದರೆ ಹೌದು ಎನ್ನುತ್ತಿದ್ದೆನೇನೋ. ಇಲ್ಲ ಎನ್ನಿ ಎಂದು ಬೇಡಿಕೊಳ್ಳುವ ಮುಖ ಅವಳದು. "ಅವನಿಗೇನು ಗೊತ್ತು? ಎಲ್ಲ ನಾನೇ ಮಾಡಿದ್ದು" ಎಂದುಬಿಟ್ಟೆ. ಅವಳು ಎದ್ದು ಹೋದಳು. ಈಗ ಊರಿಗೆಲ್ಲ ಗೊತ್ತಾಗಿದೆ. ಈ ವಾರ ಅಂಗಳಕ್ಕೆ ಒಂದು ಕಾರೂ ಬಂದಿಲ್ಲ.

ಬಾಲಿಕ್ಚಿಯಿಂದ ಒಳ್ಳೆಯ ಹೆಡ್ ತರಿಸಿದ್ದೇನೆ, ನಾಳೆ ಕೂರಿಸುತ್ತೇನೆ. ಹೊಸ ಥರ್ಮೋಸ್ಟಾಟ್, ಹೊಸ ಹೋಸು, ಹಳ್ಳದ ನೀರಲ್ಲ, ಸರಿಯಾದ ಕೂಲೆಂಟ್. ಕಾರು ಸರಿಯಾಗುತ್ತದೆ. ಅವಳ ಕೈಗೆ ನಾನು ಎಲ್ಲಿಂದ ಏನು ತರಿಸಲಿ? ಶರತ್ಕಾಲಕ್ಕೆ ಕೆಲಸ ಮುಗಿಯುತ್ತಲೇ ಬಾ. ಅವಳ ಮನೆಗೆ ನೀನೊಬ್ಬನೇ ಹೋಗಿ, ನಿನ್ನ ಬಾಯಿಂದಲೇ ಹೇಳು. ನಾನು ಜೊತೆಗೆ ಬರುವುದಿಲ್ಲ. ನಿನ್ನ ಮೇಲಿನ ಸಿಟ್ಟು ಇಳಿಯಲು ಕಾಲ ಬೇಕು, ಪ್ರೀತಿ ಮಾತ್ರ ಎಲ್ಲಿಗೂ ಹೋಗಿಲ್ಲ, ಅದೇ ನನ್ನ ಕರ್ಮ. ನಿನ್ನ ದಾರಿ ತೆರೆದಿರಲಿ, ಈ ಕಡೆಗೂ ತೆರೆದಿರಲಿ.

ನಿನ್ನ ಅಪ್ಪ,
ಅಸನಾಲಿ

ಮರೆತದ್ದು: ಸಾತಾರ್ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನೇ ಮಾಡಿದ್ದು ಎಂದು ಜೂರಾಗೆ ಹೇಳುವಾಗ ನಿನ್ನ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಂಬಿಬಿಟ್ಟಿದ್ದಾಳೆ. ಮದುವೆಯಾದಾಗಿನಿಂದ ಅವಳು ನನಗೆ ಚಹಾ ಅರ್ಧ ಬಟ್ಟಲಿಗಿಂತ ಹೆಚ್ಚು ಸುರಿದವಳಲ್ಲ, ಸ್ವಲ್ಪ ಸ್ವಲ್ಪವೇ ಹಾಕಿ, ಇನ್ನೂ ಬೇಕೇ ಎಂದು ಕೇಳುತ್ತ ಎದುರಿಗೇ ಕೂತಿರುತ್ತಿದ್ದಳು. ಈಗ ಎಂಟು ದಿನದಿಂದ ಅಂಚಿನವರೆಗೆ ತುಂಬಿಸಿ ನನ್ನ ಮುಂದಿಟ್ಟು ಒಳಗೆ ಹೋಗುತ್ತಾಳೆ. ಬೇಗ ಎದ್ದು ಹೋಗಲಿ ಎನಿಸಿದ ಅತಿಥಿಗೆ ನಮ್ಮಲ್ಲಿ ಹಾಗೆ ಸುರಿಯುವುದು, ನಿನಗೇ ಗೊತ್ತು. ನಾನು ಬಾಯಿ ಬಿಡುವುದಿಲ್ಲ, ಬಿಟ್ಟರೂ ಮಗನ ಮೇಲೆ ಹಾಕುತ್ತಿದ್ದೇನೆ ಎಂದಾಳು. ಶರತ್ಕಾಲದವರೆಗೆ ಕಾಯಬೇಡ. ಇದನ್ನು ಓದಿದ ದಿನವೇ ನಿನ್ನ ಅಮ್ಮನಿಗೆ ಒಂದು ಸಾಲು ಬರೆ.