ಪೆಗ್ ಅವರ ಹೊಲದ ಬ್ರೋಚು

ಅಕ್ಟೋಬರ್ ೧೪, ಮಂಗಳವಾರ. ನಾರ್ಫೋಕ್.

ಇಷ್ಟು ವರ್ಷ ಜೊತೆಯಲ್ಲಿ ಹೊಲ ಹೊಲ ಅಲೆದ ರಾಡ್ನಿಯ ಮೇಲೆ ಇವತ್ತು ಕೈಮಾಡುವುದೊಂದು ಬಾಕಿ ಇತ್ತು.

ನಮಗೆ ಹುಡುಕಲು ಬಿಟ್ಟಿರುವ ಪೆಗ್ ಅವರ ಉತ್ತ ಹೊಲದಲ್ಲಿ, ನೆಲದಡಿಯ ಲೋಹ ಪತ್ತೆಮಾಡುವ ಅವನ ಡಿಟೆಕ್ಟರ್ ಜೋರಾಗಿ ಕೂಗಿತು. ಅಗೆದರೆ ಹಸಿರುಗಟ್ಟಿದ ಹಳೆಯ ಕಂಚಿನ ಬ್ರೋಚು, ಮೇಲುಡುಪಿಗೆ ಚುಚ್ಚುವ ಪಿನ್ನು. ಅದರಡಿಯಲ್ಲಿ ಮೂಳೆ.

"ಸಮಾಧಿ ಕಣೋ, ಕೈ ತೆಗಿ," ಎಂದೆ.

"ಯಾವ್ದೋ ಕುರಿ ಮೂಳೆ, ಸುಮ್ನಿರೇ."

"ಕುರಿ ಬ್ರೋಚ್ ಹಾಕ್ಕೊಳ್ಳುತ್ತೇನೋ?"

"ಇಷ್ಟು ವರ್ಷ ಬಿಯರ್ ಮುಚ್ಚಳ ಹೆಕ್ಕಿದ್ದೇ ಆಯ್ತು. ಇವತ್ತು ಸಿಕ್ಕಿದೆ, ಮ್ಯೂಸಿಯಂನೋರು ಬಂದು ತೆಗೀಲಿ ಅಂತ ಕೈಕಟ್ಕೊಂಡು ಕೂರ್ಲಾ?"

ಅವನ ಮಣಿಕಟ್ಟು ಹಿಡಿದೆ. ಕೊಡವಿಕೊಂಡು ಮತ್ತೆ ಮಣ್ಣು ಕೆರೆದ. ಆಗ ಪುಟ್ಟದೊಂದು ದವಡೆ ಕಾಣಿಸಿತು. ಹಾಲುಹಲ್ಲಿನ ಕೆಳಗೆ, ಇನ್ನೂ ಹುಟ್ಟದ ಹಲ್ಲು.

ರಾಡ್ನಿ ಕುಕ್ಕರಿಸಿಬಿಟ್ಟ. ಟೋಪಿ ತೆಗೆದ.

"ಮಗು ಕಣೇ," ಎಂದ.

ಬ್ರೋಚನ್ನು ಮುಟ್ಟಲಿಲ್ಲ. ಪೊಲೀಸರಿಗೂ ಮ್ಯೂಸಿಯಂಗೂ ಫೋನು ಮಾಡಿದವನು ಅವನೇ. ನಾಳೆ ಬೆಳಿಗ್ಗೆ ತಜ್ಞರು ಬರುತ್ತಾರಂತೆ. ಹೊರಡುವಾಗ ತನ್ನ ಕೋಟು ಬಿಚ್ಚಿ ಗುಂಡಿಯ ಮೇಲೆ ಹೊದಿಸಿದ. ಟಾರ್ಪಾಲು ತರೋಣ, ಕೋಟು ಹಾಳಾಗುತ್ತದೆ ಎಂದೆ.

"ಇರ್ಲಿ ಬಿಡೇ, ಚಳಿ ಇದೆ," ಎಂದ.

ನಾನು ಕೋಟಿನ ಅಂಚುಗಳ ಮೇಲೆ ಕಲ್ಲಿಟ್ಟೆ. ಹೊರಗೆ ಗಾಳಿ ಜೋರಾಗುತ್ತಿದೆ, ಆ ಕೋಟು ಹಾರಿಹೋಗದಿದ್ದರೆ ಸಾಕು.